ಕ್ಯಾಮೆರಾ ಇತ್ತು, ಮಿಸ್ ಇರಲಿಲ್ಲ

2023ರ ಜೂನ್ ತಿಂಗಳಲ್ಲಿ ಬೆಂಗಳೂರು ದಕ್ಷಿಣದ ಚಿಕ್ಕಲಸಂದ್ರ ಎಂಬ ಬಡಾವಣೆಯ ಹೆಸರು ಇದ್ದಕ್ಕಿದ್ದಂತೆ ದೇಶದ ಸುದ್ದಿವಾಹಿನಿಗಳಲ್ಲಿ ಕೇಳಿಬಂತು. ಅಲ್ಲಿನ ಖಾಸಗಿ ಮಾಂಟೆಸ್ಸರಿಯೊಂದರ ಸಿಸಿಟಿವಿಯಲ್ಲಿ ದಾಖಲಾದ ದೃಶ್ಯವೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಕೋಣೆಯೊಳಗೆ ಪುಟ್ಟ ಮಕ್ಕಳು. ಅವರಲ್ಲಿ ಒಂದು ಮಗು ಇನ್ನೊಂದು ಮಗುವನ್ನು ಮತ್ತೆ ಮತ್ತೆ ಹೊಡೆಯುತ್ತದೆ, ಕೆಳಗೆ ಬೀಳಿಸುತ್ತದೆ. ಬಿಡಿಸಲು ಯಾರೂ ಬರುವುದಿಲ್ಲ. ದೊಡ್ಡವರೆನ್ನುವವರು ಆ ಕೋಣೆಯಲ್ಲಿ ಕಾಣುವುದೇ ಇಲ್ಲ. ಪ್ರಕರಣ ಸುಬ್ರಹ್ಮಣ್ಯಪುರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿತು. ಕೆಲವು ದಿನ ಚರ್ಚೆಯಾಯಿತು, ಆಮೇಲೆ ಬೇರೆ ಸುದ್ದಿ ಬಂತು.

ಆ ಸಂಸ್ಥೆಯ ಹೆಸರು ಇಲ್ಲಿ ನಮಗೆ ಮುಖ್ಯವಲ್ಲ. ದೃಶ್ಯ ನೋಡಿದವರಿಗೆ ಹೊಡೆದ ಮಗುವಿನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಆ ವಯಸ್ಸಿನಲ್ಲಿ ಹೊಡೆಯುವುದು, ಕಚ್ಚುವುದು, ಆಟಿಕೆ ಕಿತ್ತುಕೊಳ್ಳುವುದು ಎಲ್ಲ ಮನೆಯಲ್ಲೂ ಇದ್ದದ್ದೇ. 'ಬೇಡ ಕಂದಾ, ಅವನಿಗೆ ನೋವಾಗುತ್ತೆ' ಎಂದು ಕೈ ಹಿಡಿದು ಹೇಳುವವರು ಪಕ್ಕದಲ್ಲಿರಬೇಕು, ಅಷ್ಟೆ. ಅಂದು ಅನ್ಯಾಯವಾದದ್ದು ಎರಡೂ ಮಕ್ಕಳಿಗೆ. ಒಂದಕ್ಕೆ ಪೆಟ್ಟು ಬಿತ್ತು, ಇನ್ನೊಂದನ್ನು ತಡೆಯುವವರಿರಲಿಲ್ಲ. ನನ್ನನ್ನು ಕಾಡುವುದು ಬೇರೆಯೇ ಒಂದು ಸಂಗತಿ. ಕ್ಯಾಮೆರಾ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಒಂದು ನರ್ಸರಿ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವಾಗ ನಾವು ಮೊದಲು ಕೇಳುವ ಪ್ರಶ್ನೆಗಳಲ್ಲಿ 'ಸಿಸಿಟಿವಿ ಇದೆಯಾ?' ಎಂಬುದೂ ಒಂದು. ಆ ಪ್ರಶ್ನೆಗೆ ಈ ಸಂಸ್ಥೆ 'ಇದೆ' ಎಂದೇ ಉತ್ತರಿಸಬಹುದಿತ್ತು.

ಉತ್ತರಹಳ್ಳಿ ಮುಖ್ಯರಸ್ತೆ, ಇಟ್ಟಮಡು, ಪದ್ಮನಾಭನಗರದ ಕಡೆ ಒಮ್ಮೆ ನಡೆದು ನೋಡಿ. ಮನೆಯೊಂದರ ಕೆಳಮಹಡಿಯನ್ನು ಬಾಡಿಗೆಗೆ ಹಿಡಿದು, ಕಾಂಪೌಂಡಿಗೆ ಹಳದಿ ನೀಲಿ ಬಣ್ಣ ಬಳಿದು, ಜಿರಾಫೆಯ ಚಿತ್ರ ಬರೆಸಿದರೆ ಪ್ರೀ ನರ್ಸರಿ ಸಿದ್ಧ. ಫಲಕದಲ್ಲಿ 'ಮಾಂಟೆಸ್ಸರಿ' ಎಂಬ ಪದ ಇರಲೇಬೇಕು. ಈ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು, ಕೇಳುವವರಿಲ್ಲ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊದಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ಕೂಲಿಗೆ ಹೋಗುವ ತಂದೆ ತಾಯಂದಿರ ಮಕ್ಕಳಿಗಾಗಿ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಆಕೆ ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲೇ ಕಳೆದು, ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಬಡವರ ಓಣಿಯಲ್ಲಿ ಹುಟ್ಟಿದ ಹೆಸರು ಇಂದು ಸಾವಿರಾರು ರೂಪಾಯಿ ಶುಲ್ಕದ ಗುರುತಾಗಿದೆ. ಅದಿರಲಿ. ಆಕೆಯ ಪದ್ಧತಿಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳನ್ನು ಬೇಕೆಂದೇ ಒಟ್ಟಿಗೆ ಕೂರಿಸುತ್ತಾರೆ, ಚಿಕ್ಕವರು ದೊಡ್ಡವರನ್ನು ನೋಡಿ ಕಲಿಯಲಿ ಎಂದು. ಅಲ್ಲಿ ಶಿಕ್ಷಕಿ ಹೆಚ್ಚು ಮಾತಾಡುವುದಿಲ್ಲ. ಆಕೆಯ ಮುಖ್ಯ ಕೆಲಸವೇ ನೋಡುತ್ತಿರುವುದು. ಯಾವ ಮಗು ಏನು ಮಾಡುತ್ತಿದೆ, ಯಾವುದಕ್ಕೆ ಯಾವಾಗ ನೆರವು ಬೇಕು ಎಂದು ಕಣ್ಣಿಟ್ಟು ಕಾಯುವುದು. ನೋಡುವವರೇ ಇಲ್ಲದ ಕೋಣೆ ಇನ್ನೇನಾದರೂ ಆಗಬಹುದು, ಮಾಂಟೆಸ್ಸರಿ ಆಗಲಾರದು.

ಗುಣಮಟ್ಟವನ್ನು ಅಳೆಯುವುದು ಹೇಗೆ ಎಂಬ ಬಗ್ಗೆ ಲೋಕದಲ್ಲಿ ಸಾಕಷ್ಟು ಕೆಲಸ ನಡೆದಿದೆ. ಅಮೆರಿಕದ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ 1980ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ಅದರಲ್ಲಿ ಒಂದರಿಂದ ಏಳರವರೆಗೆ ಅಂಕ. ಸ್ಥಳ, ಪೀಠೋಪಕರಣ, ಕೈ ತೊಳೆಸುವ ರೀತಿ, ಊಟ, ಮಾತುಕತೆ, ಆಟ, ಶಿಕ್ಷಕಿ ಮತ್ತು ಮಕ್ಕಳ ನಡುವಿನ ಒಡನಾಟ ಎಲ್ಲಕ್ಕೂ ಅಂಕವಿದೆ. ಅಂಕ ಕೊಡುವವರು ಸುಮ್ಮನೆ ಒಂದು ಸುತ್ತು ಬಂದು ಹೋಗುವಂತಿಲ್ಲ, ಮೂರು ಗಂಟೆಯಷ್ಟು ಹೊತ್ತು ಕೋಣೆಯ ಮೂಲೆಯಲ್ಲಿ ಕುಳಿತು ನೋಡಬೇಕು. ಇದನ್ನು ನಮ್ಮ ನೆಲಕ್ಕೆ ಹೊಂದಿಸಲು ಚೆನ್ನೈನ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ತಮಿಳುನಾಡಿಗೆಂದೇ ಬೇರೆ ಅಳತೆಗೋಲು ಸಿದ್ಧಪಡಿಸಿತು. ಹಾಗೆ ಮಾಡಬೇಕಾದದ್ದಕ್ಕೆ ಕಾರಣವಿದೆ. ಕುರ್ಚಿ, ಮೇಜು, ಗೊಂಬೆಗಳ ಲೆಕ್ಕಕ್ಕೆ ಹೆಚ್ಚು ಬೆಲೆ ಕೊಟ್ಟರೆ ಚಾಪೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಸೊಗಸಾಗಿ ಕಥೆ ಹೇಳುವ ಅಂಗನವಾಡಿ ಟೀಚರ್ ಸೋಲುತ್ತಾಳೆ, ಗೊಂಬೆಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ ಶಾಲೆ ಗೆಲ್ಲುತ್ತದೆ.

ನಮ್ಮಲ್ಲಿ ನಿಯಮಗಳಿಗೂ ಕೊರತೆಯಿಲ್ಲ. ಪೂರ್ವ ಬಾಲ್ಯದ ಆರೈಕೆ ಮತ್ತು ಶಿಕ್ಷಣದ 2013ರ ರಾಷ್ಟ್ರೀಯ ನೀತಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು, ಮೂರಕ್ಕಿಂತ ಚಿಕ್ಕವರಾದರೆ 10 ಮಕ್ಕಳಿಗೆ ಒಬ್ಬರು ಇರಬೇಕೆಂದು ಹೇಳಿತು. 30 ಮಕ್ಕಳಿಗೆ 35 ಚದರ ಮೀಟರಿನ ಕೋಣೆ, ಹೊರಗೆ ಆಡಲು 30 ಚದರ ಮೀಟರ್ ಜಾಗ ಎಂದಿತು. ಖಾಸಗಿ ಪ್ಲೇ ಸ್ಕೂಲುಗಳಿಗಾಗಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ಮಾರ್ಗಸೂಚಿ ರೂಪಿಸಿತು. ಅದರಲ್ಲಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಜೊತೆಗೆ ಒಬ್ಬ ಆಯಾ. ಸಿಸಿಟಿವಿಯೂ ಅದರಲ್ಲಿದೆ. ಈ ಎರಡರಲ್ಲಿ ಒಮ್ಮೆ ಹಣ ಕೊಟ್ಟು ಗೋಡೆಗೆ ಜೋಡಿಸಬಹುದಾದದ್ದು ಎಲ್ಲೆಡೆ ಕಾಣುತ್ತದೆ, ತಿಂಗಳು ತಿಂಗಳು ಸಂಬಳ ಕೊಡಬೇಕಾದದ್ದು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಪೋಷಕರು ಕಟ್ಟುವ ಶುಲ್ಕವನ್ನೂ, ಬೆಳಿಗ್ಗೆಯಿಂದ ಸಂಜೆಯವರೆಗೆ ಮಕ್ಕಳ ಮೂಗು ಒರೆಸಿ, ಚಡ್ಡಿ ಬದಲಿಸಿ, ಅನ್ನ ತಿನ್ನಿಸುವ ಆಯಮ್ಮನ ಸಂಬಳವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಗುಣಮಟ್ಟದ ಅರ್ಧ ಕಥೆ ಗೊತ್ತಾಗುತ್ತದೆ.

ಹಾಗಾದರೆ ಅಂಗನವಾಡಿ ಉತ್ತಮವೇ? ಅಷ್ಟು ಸರಳವಿಲ್ಲ. 'ಅಂಗಳದ ಶಾಲೆ' ಎಂಬ ಕಲ್ಪನೆಗೆ ದೊಡ್ಡ ಪರಂಪರೆಯಿದೆ. ಗಿಜುಭಾಯಿ ಬಧೇಕ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಗೆ ಹೋಗಿ, ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಹೊರಟರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಅದರಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದಾಗಿತ್ತು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆದರೆ ಅಲ್ಲಿಯೂ ಮೇಲಿನವರು ಬಂದು ಪರಿಶೀಲಿಸುವುದು ತೂಕದ ಪುಸ್ತಕ, ಮೊಟ್ಟೆಯ ಲೆಕ್ಕ, ಮೊಬೈಲಿನ ಪೋಷಣ್ ಟ್ರ್ಯಾಕರ್. ಗರ್ಭಿಣಿಯರ ಪಟ್ಟಿ, ಸಮೀಕ್ಷೆ, ಚುನಾವಣಾ ಕೆಲಸ ಎಲ್ಲ ಮುಗಿಸಿ ಉಳಿದ ಸಮಯದಲ್ಲಿ ಕಾರ್ಯಕರ್ತೆ ಮಕ್ಕಳ ಜೊತೆ ಕೂರಬೇಕು. ಆಕೆ ಇಂದಿಗೂ ಪಡೆಯುವುದು 'ಗೌರವಧನ'. ಅಂಗನವಾಡಿಯವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಲು 2022ರವರೆಗೆ ಕಾಯಬೇಕಾಯಿತು.

2024ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದು 'ಸರ್ಕಾರಿ ಮಾಂಟೆಸ್ಸರಿ' ಎಂದು ಕರೆಯಿತು. ಸಮವಸ್ತ್ರ, ಬ್ಯಾಗು, ಇಂಗ್ಲಿಷ್. ಬಡವರ ಮಕ್ಕಳಿಗೂ ಸಿಗಲಿ ಎಂಬ ಆಶಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಕಲು ಮಾಡಿದ್ದು ಯಾವುದನ್ನು ಎಂದು ಕೇಳಬೇಕು. ಅಂಬೇಡ್ಕರ್ ವಿಶ್ವವಿದ್ಯಾಲಯ ದೆಹಲಿ ಮತ್ತು ಅಸರ್ ಸೆಂಟರ್ ಸೇರಿ ಮೂರು ರಾಜ್ಯಗಳ ಸುಮಾರು 14 ಸಾವಿರ ಮಕ್ಕಳನ್ನು ನಾಲ್ಕು ವರ್ಷ ಹಿಂಬಾಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡದ್ದೇನೆಂದರೆ, ಖಾಸಗಿ ನರ್ಸರಿಗಳಲ್ಲಿ ಬಹುಪಾಲು ಒಂದನೇ ತರಗತಿಯನ್ನೇ ಎರಡು ವರ್ಷ ಮೊದಲು ಶುರುಮಾಡಿದಂತಿವೆ, ಸರ್ಕಾರಿ ಕೇಂದ್ರಗಳಲ್ಲಿ ಕಲಿಕೆಯ ಚಟುವಟಿಕೆಯೇ ಕಡಿಮೆ. ಎರಡೂ ಕಡೆ ಆ ವಯಸ್ಸಿಗೆ ತಕ್ಕ ಆಟ, ಮಾತು, ಕಥೆ ಇಲ್ಲ. ನಮ್ಮ ಆತುರ ಎಷ್ಟೆಂದರೆ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ ನಿಯಮ 2025ರಲ್ಲಿ ಜಾರಿಗೆ ಬರುವ ಹೊತ್ತಿಗೆ ಯುಕೆಜಿ ಮುಗಿಸಿದ ಮಕ್ಕಳಿಗೆ ಇನ್ನೂ ಆರು ತುಂಬಿರಲಿಲ್ಲ. ಸರ್ಕಾರ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಇಳಿಸಬೇಕಾಯಿತು. ಎರಡೂವರೆ ವರ್ಷಕ್ಕೇ ಮಗುವಿನ ಬೆನ್ನಿಗೆ ಬ್ಯಾಗು ಹಾಕಿದರೆ ಇನ್ನೇನಾಗುತ್ತದೆ?

ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಯಾವ ಅಳತೆಗೋಲಿನಲ್ಲೂ ಅದು ಸರಿಯಾಗಿ ಸಿಗುವುದಿಲ್ಲ. ಚಿಕ್ಕಲಸಂದ್ರದಿಂದ ಯಾರಬ್ ನಗರ, ಇಲಿಯಾಸ್ ನಗರಗಳೇನೂ ದೂರವಲ್ಲ. ಅಲ್ಲಿನ ಮನೆಗಳಲ್ಲಿ ಮಕ್ಕಳು ಮಾತು ಕಲಿಯುವುದು ದಖನಿಯಲ್ಲಿ. 'ಪೇಟ್ ದುಕ್ರಾ' ಎಂದು ಅಮ್ಮಿಗೆ ಹೇಳಿ ಅಭ್ಯಾಸವಾದ ಮೂರು ವರ್ಷದ ಮಗು, ಕನ್ನಡ ಮಾತ್ರ ಬಲ್ಲ ಕಾರ್ಯಕರ್ತೆಯ ಎದುರಿಗೋ, ಇಂಗ್ಲಿಷ್‌ನಲ್ಲೇ ಮಾತಾಡಬೇಕೆಂದು ಆಡಳಿತ ಮಂಡಳಿಯಿಂದ ತಾಕೀತಾದ ಮಿಸ್ ಎದುರಿಗೋ ಕುಳಿತಾಗ ಸುಮ್ಮನಾಗಿಬಿಡುತ್ತದೆ. ಕರಾವಳಿಯಲ್ಲಿ ಬ್ಯಾರಿ ಮಾತಾಡುವ ಮಗುವಿನದೂ, ತಾಂಡಾದಲ್ಲಿ ಲಂಬಾಣಿ ಮಾತಾಡುವ ಮಗುವಿನದೂ, ಚಿಕ್ಕಲಸಂದ್ರದ್ದೇ ಕಟ್ಟಡ ಕೆಲಸಕ್ಕೆ ರಾಯಚೂರಿನ ಕಡೆಯಿಂದ ಬಂದವರ ಮಗುವಿನದೂ ಇದೇ ಪಾಡು. ಕೊನೆಯದರ ಮಾತು ಕನ್ನಡವೇ, ಆದರೂ ಮಿಸ್ ಕಿವಿಗೆ ಅದು ಕನ್ನಡವಾಗಿ ಕೇಳುವುದಿಲ್ಲ. ಮಾತಾಡದ ಮಗುವನ್ನು ಮಿಸ್ 'ತುಂಬಾ ಗುಡ್ ಬಾಯ್' ಎಂದು ಹೊಗಳುತ್ತಾರೆ. ತಾಯಿಗೆ ಖುಷಿಯಾಗುತ್ತದೆ. ಮಗುವಿನ ಮೌನಕ್ಕೆ ಶಿಸ್ತಿನ ಅಂಕ ಬೀಳುತ್ತದೆ! ಅದೇ ಮಗುವನ್ನು ಪಕ್ಕದವನು ಹೊಡೆದರೆ ಯಾವ ಭಾಷೆಯಲ್ಲಿ ದೂರು ಹೇಳಬೇಕು? ದೊಡ್ಡ ಖರ್ಚಿನ ಮಾತೇನೂ ಇಲ್ಲಿಲ್ಲ. ಕಾರ್ಯಕರ್ತೆಯೋ ಸಹಾಯಕಿಯೋ ಇಬ್ಬರಲ್ಲಿ ಒಬ್ಬರು ಮಗುವಿನ ಮನೆಮಾತು ಬಲ್ಲವರಾಗಿದ್ದು, ಮೊದಲ ಕೆಲವು ತಿಂಗಳು ಅದರಲ್ಲೇ ಮಾತಾಡಿಸಿದರೆ ಸಾಕು. ಕನ್ನಡ ಆಮೇಲೆ ತಾನಾಗಿ ಬರುತ್ತದೆ. ಕನ್ನಡ ಶಾಲೆಯಲ್ಲಿ ಓದಿ ಬಂದ ನಮ್ಮಂಥ ಎಷ್ಟೋ ಜನರಿಗೆ ಬಂದದ್ದೂ ಹಾಗೆಯೇ.

ನಮ್ಮ ಸಮುದಾಯದ ಸಂಸ್ಥೆಗಳೂ ಈಗ ನರ್ಸರಿಗಳನ್ನು ತೆರೆಯುತ್ತಿವೆ, ಸಂತೋಷ. ಆದರೆ ಅವುಗಳ ವಾರ್ಷಿಕೋತ್ಸವದಲ್ಲಿ ನಾಲ್ಕು ವರ್ಷದ ಮಗು ಬಾಯಿಪಾಠ ಒಪ್ಪಿಸಿದ್ದಕ್ಕೆ ಬೀಳುವ ಚಪ್ಪಾಳೆ ಕೇಳಿದಾಗ, ನಾವೂ ತೋರಿಸಬಹುದಾದದ್ದನ್ನೇ ಅಳೆಯುತ್ತಿದ್ದೇವೆ ಅನ್ನಿಸುತ್ತದೆ. ಮಗು ಪ್ರಶ್ನೆ ಕೇಳಿದ್ದು, ಅತ್ತ ಗೆಳತಿಗೆ ತನ್ನ ಬಿಸ್ಕತ್ತು ಕೊಟ್ಟದ್ದು ವೇದಿಕೆಗೆ ಬರುವುದಿಲ್ಲ.

ಪೋಷಕರು ಏನು ಮಾಡಬಹುದು? ಸೇರಿಸುವ ಮುನ್ನ ಅರ್ಧ ಗಂಟೆ ತರಗತಿಯ ಮೂಲೆಯಲ್ಲಿ ಕೂರಲು ಬಿಡಿ ಎಂದು ಕೇಳಿ. ಬಿಡದಿದ್ದರೆ ಅದೂ ಒಂದು ಉತ್ತರವೇ. ಬಿಟ್ಟರೆ ಗೋಡೆಯ ಚಿತ್ರಗಳನ್ನು ನೋಡಬೇಡಿ. ಅಳುವ ಮಗುವಿನ ಬಳಿ ಯಾರು ಹೋದರು, ಎಷ್ಟು ಹೊತ್ತಿಗೆ ಹೋದರು, ಮಂಡಿಯೂರಿ ಅದರ ಮುಖದ ಮಟ್ಟಕ್ಕೆ ಬಂದು ಮಾತಾಡಿದರೋ ನಿಂತಲ್ಲಿಂದಲೇ ಗದರಿದರೋ ನೋಡಿ. ಮಿಸ್ ಫೋನಿಗೆಂದು ಹೊರಗೆ ಹೋದಾಗ ಒಳಗೆ ಯಾರಿದ್ದರು ಎಂದು ನೋಡಿ. ಆಯಮ್ಮನ ಹೆಸರು ಕೇಳಿ, ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ವಿಚಾರಿಸಿ. ವರ್ಷಕ್ಕೆ ಮೂರು ಬಾರಿ ಆಯಾ ಬದಲಾಗುವ ಕಡೆ ಯಾವ ಮಗು ಯಾರನ್ನು ನಂಬಿ ನಿದ್ದೆ ಮಾಡೀತು?

ಕಳೆದ ಬಾರಿ ಆ ಕಡೆ ಹೋದಾಗ ಹೊಸ ಪ್ಲೇ ಸ್ಕೂಲ್ ಒಂದರ ಫಲಕದ ಮುಂದೆ ನಿಂತು ಓದಿದೆ. ಲೈವ್ ಸಿಸಿಟಿವಿ, ಎಸಿ ಕೊಠಡಿ, ಜಿಪಿಎಸ್ ವ್ಯಾನ್, ಫೋನಿಕ್ಸ್, ಅಬಾಕಸ್. ಎಷ್ಟು ಮಕ್ಕಳಿಗೆ ಎಷ್ಟು ಮಿಸ್ ಎಂಬ ಸಾಲನ್ನು ಹುಡುಕಿದೆ. ಕೊನೆಯಲ್ಲಿ ಒಂದು ಫೋನ್ ನಂಬರ್ ಇತ್ತು. ಕರೆ ಮಾಡಿ ಅದನ್ನೇ ಕೇಳಿದಾಗ ಆಚೆಯಿಂದ ಬಂದ ದನಿ, 'ಸರ್, ಮಗುವಿನ ವಯಸ್ಸೆಷ್ಟು? ಈ ವಾರ ಸೇರಿಸಿದರೆ ಡಿಸ್ಕೌಂಟ್ ಇದೆ' ಎಂದಿತು.