ಬೇಳೆ ಬೇಗ ಬೆಂದ ಮನೆ: ನಾಳಿನ ಪತ್ತೇದಾರಿ ಕಥೆ

ನೆತ್ತರು ಕಾಣಿಸದ, ಎದೆ ನಡುಗಿಸದ ಪತ್ತೇದಾರಿ ಕಥೆಗೆ ಕೋಜಿ ಮಿಸ್ಟರಿ ಎಂಬ ಹೆಸರಿದೆ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರು, ಹೆಚ್ಚಾಗಿ ಪೊಲೀಸ್ ಅಲ್ಲದ ಪತ್ತೇದಾರ, ಒಗಟು ಬಿಡಿಸಿದ ಮೇಲೆ ಮತ್ತೆ ಹಳಿಗೆ ಬರುವ ಬದುಕು ಅದರ ಚೌಕಟ್ಟು. ಅಗಾಥಾ ಕ್ರಿಸ್ಟಿಯ 1930ರ ಕಾದಂಬರಿಯಿಂದ ಹೆಸರಾದ ಮಿಸ್ ಮಾರ್ಪಲ್ ಈ ವಂಶದ ಹಿರಿಯಜ್ಜಿ. ಹವಾಮಾನ ಕೆಟ್ಟ ನಾಳೆಗೆ ಈ ಕಥೆಯನ್ನು ಒಯ್ದರೆ ವಿಜ್ಞಾನ ಕಥೆಯ ಒಂದು ಹೊಸ ಕವಲು ಸಿಗುತ್ತದೆ.

ಆ ಕವಲಿನ ಒಳ್ಳೆಯ ಮಾದರಿ ಮಾಲ್ಕಾ ಓಲ್ಡರ್ ಅವರ ‘ದ ಮಿಮಿಕಿಂಗ್ ಆಫ್ ನೋನ್ ಸಕ್ಸೆಸಸ್’ (2023). ಭೂಮಿ ಬಾಳಲು ಬಾರದಂತಾಗಿ, ಜನ ಗುರುಗ್ರಹದ ಸುತ್ತ ಹಳಿ ಹಾಕಿ ವೇದಿಕೆಗಳ ಮೇಲೆ ನೆಲೆಸಿರುತ್ತಾರೆ. ದೂರದ ವೇದಿಕೆಯೊಂದರಲ್ಲಿ ಒಬ್ಬ ಕಾಣೆಯಾಗುತ್ತಾನೆ. ತನಿಖೆಗೆ ಬಂದ ಮೋಸ್ಸಾ, ಭೂಮಿಯ ಹಿಂದಿನ ಜೀವಜಾಲವನ್ನು ಓದುವ ವಿದ್ವಾಂಸೆ ಪ್ಲೈಟಿಯ ನೆರವು ಕೇಳುತ್ತಾಳೆ. ಚಹಾ, ಬೆಂಕಿಗೂಡು, ಹಳೆಯ ಪ್ರೀತಿ ಎಲ್ಲವೂ ಇವೆ. ಒಗಟಿನ ಬೇರು ಮಾತ್ರ ಕಳೆದುಹೋದ ಭೂಮಿಯಲ್ಲಿದೆ.

ಓದುಗರು ಅರಿಯದ ನಾಳಿನ ಲೋಕದಲ್ಲಿ ನಡೆಯುವ ಈ ಬಗೆಯ ಕಥೆಯಲ್ಲಿ ಸುಳಿವು ಕೊಡುವುದೇ ಕಷ್ಟ. ಕೊನೆಯಲ್ಲಿ ಉದ್ದನೆಯ ವಿವರಣೆ ಬೇಡುವ ಯಂತ್ರ ಕೂಡದೆಂದು ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ 1929ರಲ್ಲೇ ಕಟ್ಟಳೆ ಹಾಕಿದ್ದರು. ವಿಜ್ಞಾನ ಕಥೆಗೂ ಪತ್ತೇದಾರಿಗೂ ಹೊಂದಿಕೆಯಾಗದೆಂದ ಸಂಪಾದಕ ಜಾನ್ ಕ್ಯಾಂಬೆಲ್‌ಗೆ ಐಸಾಕ್ ಅಸಿಮೋವ್ ‘ದ ಕೇವ್ಸ್ ಆಫ್ ಸ್ಟೀಲ್’ (1954) ಬರೆದು ಉತ್ತರ ಕೊಟ್ಟರು. ನಾಳಿನ ಲೋಕದ ನಿಯಮಗಳನ್ನು ಮೊದಲೇ ಓದುಗರ ಮುಂದಿಟ್ಟರೆ ಮೋಸವಿಲ್ಲ.

ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಒಂದು ಕಾಲಕ್ಕೆ ಮನೆಮಾತು. ವಿಜ್ಞಾನ ಕಥೆಗೆ ರಾಜಶೇಖರ ಭೂಸನೂರಮಠರಿದ್ದರು. ಆದರೆ ಕೋಜಿಯ ಹದಕ್ಕೆ ಹತ್ತಿರ ಬಂದವರು ಪೂರ್ಣಚಂದ್ರ ತೇಜಸ್ವಿ. ‘ಕರ್ವಾಲೊ’ದಲ್ಲಿ (1980) ಕೊಲೆಯಿಲ್ಲ, ಹಾರುವ ಓತಿಯೇ ಒಗಟು. ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ನಾಯಿ ಕಿವಿ ಸೇರಿದ ಬಳಗ ವಿಜ್ಞಾನಿ ಕರ್ವಾಲೊ ಅವರ ಬೆನ್ನಿಗೆ ಕಾಡು ಹೊಗುತ್ತದೆ. ‘ಚಿದಂಬರ ರಹಸ್ಯ’ದಲ್ಲಿ (1985) ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಜಾಡು ಹಿಡಿದು ತನಿಖಾಧಿಕಾರಿ ಅಂಗಾಡಿ ಕೆಸರೂರಿಗೆ ಬರುತ್ತಾನೆ, ಕಥೆ ಮುಗಿಯುವುದು ಬೆಂಕಿಯಲ್ಲಿ. ಎರಡೂ ತಮ್ಮ ಕಾಲದ ಮಲೆನಾಡಿನ ಕಥೆಗಳು, ನಾಳಿನವಲ್ಲ.

ನಾಳಿನ ಕಥೆಗೆ ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ಸಾಮಗ್ರಿ ಸಿದ್ಧವಾಗಿದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ರಾಜಕಾಲುವೆಗಳು ವೃಷಭಾವತಿಯನ್ನು ಸೇರುತ್ತವೆ. ಅದು ಕೆಂಗೇರಿ ದಾಟಿ, ಬೈರಮಂಗಲ ಕೆರೆ ಹೊಕ್ಕು, ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ. ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತಂದ ಕಾವೇರಿ ನೀರೇ ಕೊಳಚೆಯಾಗಿ ಈ ಕಣಿವೆಯಲ್ಲಿ ಹರಿಯುತ್ತದೆ. ಹಾಗಾಗಿ ಮಳೆ ಕೈಕೊಟ್ಟರೂ ಹೊಳೆ ಬತ್ತುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ನೀರು ಕದಿಯುವುದೇ ದೊಡ್ಡ ಅಪರಾಧವಾದ ಬಡಾವಣೆಯನ್ನು ಕಲ್ಪಿಸಿಕೊಳ್ಳಲು ಇಷ್ಟು ಸಾಕು.

ಅಲ್ಲಿನ ಸುಳಿವುಗಳಿಗೆ ಯಂತ್ರವೂ ಬೇಡ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು: ಸೋಪು ನೊರೆ ಕಟ್ಟುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಪಾತ್ರೆಯಲ್ಲಿ ಬಿಳಿ ಕಲೆ ಕೂರುತ್ತದೆ. ಬೋರ್‌ವೆಲ್ಲೇ ಗತಿ ಎನ್ನುವ ಮನೆಯಲ್ಲಿ ಬೇಳೆ ಮೆತ್ತಗೆ ಬೆಂದು, ನಲ್ಲಿಯಲ್ಲಿ ಕಲೆಯೇ ಇಲ್ಲದಿದ್ದರೆ ಕದ್ದ ಕಾವೇರಿ ನೀರಿನ ಗುಟ್ಟು ಬಯಲಾಯಿತು. ಪತ್ತೇದಾರರಾಗಿ ವಾಲ್ವ್‌ಮನ್, ಮೀಟರ್ ಓದುವವರು, ಟ್ಯಾಂಕರ್ ಚಾಲಕ ಯಾರಾದರೂ ಆದೀತು. ಯಾವ ಸಂಪಿಗೆ ಎಷ್ಟು ನೀರು ಇಳಿಯುತ್ತದೆಂದು ಬಲ್ಲವರು ಅವರೇ.

ಓದುಗರು ‘ಕರ್ವಾಲೊ’ದಿಂದ ಶುರುಮಾಡಿ ಓಲ್ಡರ್ ಅವರತ್ತ ಹೋಗುವುದು ಸರಿಯಾದ ದಾರಿ. ಬರೆಯುವವರು ಗುರುಗ್ರಹಕ್ಕೆ ಹೋಗಬೇಕಿಲ್ಲ. ವೃಷಭಾವತಿ ಕಣಿವೆಯ ನೀರಿನ ಲೆಕ್ಕ ತಿಳಿದಿದ್ದರೆ ಸಾಕು.