ಧಕ್ಕಾ ಹೊಡೆಯುವ ಮುನ್ನ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಮುಗಿದ ಮರುದಿನ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಈ ಮಾತು ಕೇಳದೆ ಇರದು: ‘ಸೆಲ್ಫ್ ಎತ್ತವಲ್ದು, ಧಕ್ಕಾ ಹೊಡೀರಿ!’ ಗಾಡಿ ಎರಡು ದಿನ ನಿಂತಲ್ಲೇ ನಿಂತಿರುತ್ತದೆ. ಡಿಕ್ಕಿ ಬಾಗಿಲು ತೆರೆದಿಟ್ಟುಕೊಂಡೇ ಪರಡಿ ತುಂಬಿಸುವ ಅಡುಗೆ ನಡೆದಿರುತ್ತದೆ, ಒಳದೀಪ ಉರಿದಿರುತ್ತದೆ, ಹುಡುಗರು ಮೊಬೈಲ್ ಚಾರ್ಜಿಗೆ ಸಿಕ್ಕಿಸಿ ಹಾಡು ಹಚ್ಚಿರುತ್ತಾರೆ. ಆಮೇಲೆ ಏಳೆಂಟು ಮಂದಿ ಹಿಂದೆ ನಿಂತು ‘ಉಧೋ ಉಧೋ’ ಎಂದು ನೂಕುತ್ತಾರೆ. ಇಳಿಜಾರು ಸಿಕ್ಕರೆ ಕೆಲವು ಚಾಲೂ ಆಗಿಬಿಡುತ್ತವೆ. ಅದರಿಂದಲೇ ನಮ್ಮ ಕಡೆ ನೂಕುವುದು ಮೊದಲ ಮದ್ದಾಗಿದೆ. ನನ್ನ ಲೆಕ್ಕದಲ್ಲಿ ಅದು ಕಡೆಯದು.

ಮೊದಲು ಹೆಡ್‌ಲೈಟ್ ಹಚ್ಚಿ, ಸೆಲ್ಫ್ ಹೊಡೆದು, ಕಿವಿಗೊಡಿ. ದೀಪ ಕುಗ್ಗಿ ಕೆಂಪಗಾಗಿ ‘ಟಕಟಕಟಕ’ ಎಂದರೆ ಬ್ಯಾಟರಿಯಲ್ಲಿ ಕಸುವಿಲ್ಲ, ಇಲ್ಲವೇ ಇದ್ದ ಕಸುವು ಟರ್ಮಿನಲ್ ದಾಟಿ ಬರುತ್ತಿಲ್ಲ. ದೀಪ ಕದಲದೆ ಒಂದೇ ಒಂದು ‘ಟಕ್’ ಕೇಳಿದರೆ ಬ್ಯಾಟರಿಯನ್ನು ಬೈಯಬೇಡಿ, ದೋಷ ಸ್ಟಾರ್ಟರ್ ಮೋಟರಿನ ಬ್ರಷ್ಷಿನಲ್ಲೋ ಸೊಲೆನಾಯ್ಡಿನಲ್ಲೋ ಇದೆ. ಎಂಜಿನ್ ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲ್ ಬರುತ್ತಿಲ್ಲ ಅಥವಾ ಕಿಡಿ ಹಾರುತ್ತಿಲ್ಲ. ಇಂಜೆಕ್ಷನ್ ಗಾಡಿಗಳಲ್ಲಿ ಚಾವಿ ತಿರುವಿದೊಡನೆ ಟ್ಯಾಂಕಿನ ಕಡೆಯಿಂದ ಒಂದೆರಡು ಸೆಕೆಂಡ್ ಪಂಪಿನ ಗುಂಯ್ ಎನ್ನುವ ಸದ್ದು ಬರಬೇಕು. ಅದಿಲ್ಲದಿದ್ದರೆ ಫ್ಯೂಸ್, ರಿಲೇ ನೋಡಿ. ಮಿಸ್ತ್ರಿಗೆ ಫೋನ್ ಮಾಡಿ ‘ಗಾಡಿ ಬಂದ್ ಬಿದ್ದೈತಿ’ ಎನ್ನುವ ಬದಲು ಇಷ್ಟು ಹೇಳಿದರೆ ಅವನು ತರಬೇಕಾದ ಸಾಮಾನು ತಂದಾನು.

ನಿಂತ ಗಾಡಿಯ ಬ್ಯಾಟರಿ ಖಾಲಿಯಾಗುವುದರಲ್ಲಿ ನಿಗೂಢವೇನಿಲ್ಲ. ಚಾವಿ ತೆಗೆದ ಮೇಲೂ ಗಡಿಯಾರ, ಅಲಾರಾಂ, ಕಂಪ್ಯೂಟರ್ ತುಸು ವಿದ್ಯುತ್ ಹೀರುತ್ತಲೇ ಇರುತ್ತವೆ. 50 ಮಿಲಿ ಆಂಪಿಯರ್ ಎಂದಿಟ್ಟುಕೊಳ್ಳಿ, ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. ಸಣ್ಣ ಕಾರಿನ 35ರ ಬ್ಯಾಟರಿ ಒಂದು ತಿಂಗಳಲ್ಲಿ ಬರಿದು. ದೀಪಾವಳಿಗೆ ಬಂದು, ಗಾಡಿಯನ್ನು ರಾಮದುರ್ಗದ ಮನೆಯ ಮುಂದೆ ಬಿಟ್ಟು, ಸಂಕ್ರಾಂತಿಗೆ ಮತ್ತೆ ಪುಣೆಯಿಂದಲೋ ಬೆಂಗಳೂರಿನಿಂದಲೋ ಬರುವವರು ಈ ಲೆಕ್ಕ ಹಾಕಿರುವುದಿಲ್ಲ. ಖಾಲಿ ಬಿದ್ದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತರೆ ಮತ್ತೆ ಚಾರ್ಜ್ ಮಾಡಿದರೂ ಪೂರ್ತಿ ಬಲ ಬಾರದು. ಸಣ್ಣ ಮಲ್ಟಿಮೀಟರ್ ಒಂದಿದ್ದರೆ ನಿಂತ ಬ್ಯಾಟರಿಯನ್ನು ಅಳೆಯಿರಿ. 12.6 ವೋಲ್ಟ್ ಎಂದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಿಳಿದರೆ ಸೆಲ್ಫ್ ಎತ್ತುವ ಭರವಸೆ ಇಲ್ಲ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕುಸಿದರೆ ಅದು ದಣಿದ ಬ್ಯಾಟರಿ. ಎಲ್ಲರೂ ದೂರುವುದು ಡಿಸೆಂಬರಿನ ಚಳಿಯನ್ನು. ಆದರೆ ಬ್ಯಾಟರಿಯ ಆಯುಷ್ಯ ತಿಂದಿರುವುದು ಏಪ್ರಿಲ್, ಮೇ ತಿಂಗಳ ಬಿಸಿಲು.

ಕಿತ್ತೂರಿನ ಕಡೆ ಮಲೆನಾಡಿನ ಸೆರಗಿನ ಮಳೆ. ಅಲ್ಲಿ ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಬೇಗ ಕೂರುತ್ತದೆ. ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ ಬಿಗಿದರೆ ‘ಸತ್ತ’ ಬ್ಯಾಟರಿ ಎಷ್ಟೋ ಸಲ ಎದ್ದು ಕೂರುತ್ತದೆ. ಹೊಸದನ್ನು ಮಾರುವ ಅಂಗಡಿಯವರು ಇದನ್ನು ಮೊದಲು ಹೇಳುವುದಿಲ್ಲ, ಹೇಳಬೇಕೆಂದು ನಾವೂ ಬಯಸುವುದು ತಪ್ಪು.

ಬೈಲಹೊಂಗಲದ ಎರೆಭೂಮಿಯಲ್ಲಿ ಬೇರೆಯೇ ಕಾಟ. ಜೋಳ, ಕಡಲೆ ಕೊಯ್ಲಾಗಿ ಹೊಲ ಬರಿದಾದೊಡನೆ ಇಲಿಗಳು ಬಣವಿಗೆ ಬರುತ್ತವೆ, ಬಣವಿಯ ಪಕ್ಕ ನಿಂತ ಕಾರಿನ ಬಾನೆಟ್ಟಿಗೂ ಬರುತ್ತವೆ. ಏರ್ ಫಿಲ್ಟರ್ ಡಬ್ಬಿಯಲ್ಲಿ ಅರಳೆಯ ಗೂಡು, ಕಾಳಿನ ದಾಸ್ತಾನು. ಅದು ಹೋಗಲಿ, ಇಂಜೆಕ್ಟರಿನ ವೈರು ಕಡಿದಿದ್ದರೆ ಬ್ಯಾಟರಿ, ಸ್ಟಾರ್ಟರ್ ಎಲ್ಲ ಸರಿಯಿದ್ದೂ ಎಂಜಿನ್ ಹತ್ತಿಕೊಳ್ಳುವುದಿಲ್ಲ. ಬೋಳಾದ ಎರಡು ವೈರು ತಾಗಿದರೆ ಬೆಂಕಿಯೂ ಹತ್ತೀತು. ಅದಕ್ಕೇ ಬಹುದಿನ ನಿಂತ ಗಾಡಿಯ ಚಾವಿ ತಿರುವುವ ಮುಂಚೆ ಬಾನೆಟ್ ಎತ್ತಿ ಹಿಕ್ಕೆ ಬಿದ್ದಿದೆಯೇ ನೋಡಬೇಕು.

ಅಂಬಾಸಡರ್, ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ನಮ್ಮ ಅಂಗಳಗಳಲ್ಲಿ ಮಾತ್ರ ಇನ್ನೂ ಇವೆ. ಕಾರ್ಬುರೇಟರಿನ ಹಳೆಯ ಗಾಡಿ ವಾರಗಟ್ಟಲೆ ನಿಂತರೆ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಆವಿಯಾಗಿರುತ್ತದೆ. ಟ್ಯಾಂಕಿನಿಂದ ಅದು ಮತ್ತೆ ಏರಿ ಬರುವವರೆಗೆ ಸೆಲ್ಫ್ ಹೊಡೆಯಬೇಕು. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ, ಇಲ್ಲದಿದ್ದರೆ ಸ್ಟಾರ್ಟರ್ ಸುಡುತ್ತದೆ. ಈಗ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಹಾಳು ಮಾಡುತ್ತದೆ. ಬೆಳಗಾವಿ ಜಿಲ್ಲೆಯ ಕಬ್ಬು ಹೀಗೆ ತಿರುಗಿ ನಮ್ಮ ಕಾರ್ಬುರೇಟರಿಗೇ ಬಂದು ಸೇರಿದೆ! ಹಳೆ ಗಾಡಿಯವರು ಪೈಪು ಬದಲಿಸಿಕೊಳ್ಳುವುದು ಒಳ್ಳೆಯದು.

ಇನ್ನು ಧಕ್ಕಾ. ಗೇರ್ ತಾನೇ ಬದಲಾಗುವ ಗಾಡಿಗೆ ಅದು ನಡೆಯದು. ಇಂಜೆಕ್ಷನ್ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಪಂಪೂ ಇಲ್ಲ, ಕಂಪ್ಯೂಟರೂ ಇಲ್ಲ, ಊರೇ ಬಂದು ನೂಕಿದರೂ ಅಷ್ಟೇ. ಹತ್ತಿಕೊಳ್ಳದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಕೆಡಿಸುತ್ತದೆ. ಗುಡ್ಡದ ಇಳಿಜಾರಿನಲ್ಲಂತೂ ಎಂಜಿನ್ ಬಂದ್ ಇದ್ದರೆ ಬ್ರೇಕೂ ಸ್ಟಿಯರಿಂಗೂ ಕಲ್ಲಿನಂತೆ ಬಿಗಿಯಾಗುತ್ತವೆ. ಅದರ ಬದಲು ಬೇರೆ ಗಾಡಿಯಿಂದ ಜಂಪರ್ ಹಚ್ಚಿ: ಪ್ಲಸ್‌ಗೆ ಪ್ಲಸ್, ಕೊನೆಯ ಮೈನಸ್ ತುದಿಯನ್ನು ಮಾತ್ರ ಕೆಟ್ಟ ಗಾಡಿಯ ಎಂಜಿನ್ನಿನ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು.

‘ದಿನಾ ಐದ್ ನಿಮಿಷ ಚಾಲೂ ಮಾಡಿ ಬಂದ್ ಮಾಡು’ ಎಂದು ಮನೆಯ ಹಿರಿಯರಿಗೆ ಹೇಳಿ ಹೋಗಬೇಡಿ. ಅಷ್ಟರಲ್ಲಿ ಸೆಲ್ಫ್ ತಿಂದದ್ದೂ ತುಂಬುವುದು ಅನುಮಾನ. ವಾರಕ್ಕೊಮ್ಮೆ ಯಾರಾದರೂ ಅರ್ಧ ತಾಸು ಸೊಗಲಕ್ಕೋ ನವಿಲುತೀರ್ಥಕ್ಕೋ ಓಡಿಸಿಕೊಂಡು ಬರಲಿ. ಓಡಿಸುವವರು ಇಲ್ಲದಿದ್ದರೆ, ಊರು ಬಿಡುವ ದಿನ ಹತ್ತರ ಪಾನಾ ಹಿಡಿದು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿಡಿ. ಹ್ಯಾಂಡ್‌ಬ್ರೇಕ್ ಎಳೆಯದೆ ಗಾಲಿಗೆ ಕಲ್ಲು ಕೊಡಿ, ಆಗ ಮಳೆಗಾಲದಲ್ಲಿ ಬ್ರೇಕ್ ಅಂಟಿಕೊಳ್ಳುವುದಿಲ್ಲ. ಟರ್ಮಿನಲ್ ಬಿಚ್ಚಿದ್ದರಿಂದ ಗಡಿಯಾರ ತಪ್ಪುತ್ತದೆ, ರೇಡಿಯೊ ಸ್ಟೇಷನ್ನುಗಳು ಅಳಿಸಿಹೋಗುತ್ತವೆ. ಅದಕ್ಕಿಂತ ಹೆಚ್ಚಿನ ನಷ್ಟವಿಲ್ಲ.