ಹುಳಿಗೆ ಯಾವ ಕುಂಬಳ?

ಇತ್ತೀಚಿನ ಅಡುಗೆ ಬರಹಗಳಲ್ಲಿ ಬಟರ್‌ನಟ್ ಸ್ಕ್ವಾಷ್‌ಗೆ ಸಲ್ಲುತ್ತಿರುವ ಮರ್ಯಾದೆ ಅದರ ಯೋಗ್ಯತೆಯನ್ನು ಮೀರಿದೆ. ಸೂಪಿಗೆ ಅದು, ಪಾಸ್ತಾಕ್ಕೆ ಅದು ಎನ್ನುವಲ್ಲಿಗೆ ನಿಂತಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಈಗ ಹುಳಿಗೂ ಅದೇ, ಗೊಜ್ಜಿಗೂ ಅದೇ, ಕಡುಬಿಗೂ ಅದೇ. ಸಾಮಗ್ರಿಯ ಪಟ್ಟಿಯಲ್ಲಿ ಮೊದಲು ಬಟರ್‌ನಟ್ ಹೆಸರು ಹೇಳಿ, ಸಿಗದಿದ್ದರೆ ಸಾಮಾನ್ಯ ಕುಂಬಳವೂ ಆದೀತು ಎಂಬಂಥ ಒಕ್ಕಣೆ ಕಾಣತೊಡಗಿದೆ. ತಲೆಮಾರುಗಳಿಂದ ಹುಳಿಯ ಕೊಪ್ಪರಿಗೆಗೆ ಬೀಳುತ್ತಿದ್ದ ಕಾಯಿ ಬದಲಿಯಾಯಿತು, ಅಂಗಡಿಗೆ ಮೊನ್ನೆ ಮೊನ್ನೆ ಬಂದದ್ದು ಅಸಲಾಯಿತು. ರುಚಿ ನೋಡಿ ಹೀಗೆ ತೀರ್ಮಾನಿಸಿದ್ದರೆ ವಾದಕ್ಕೆ ಜಾಗವಿತ್ತು. ಆದರೆ ಈ ಬರಹಗಳಲ್ಲಿ ಎಲ್ಲಿಯೂ ಎರಡು ಕಾಯಿಗಳನ್ನು ಅಕ್ಕಪಕ್ಕ ಇಟ್ಟು ಬೇಯಿಸಿದ ಸುಳಿವಿಲ್ಲ.

ಗೊತ್ತಿರುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಲಿತು ಸಿಪ್ಪೆ ಗಟ್ಟಿಯಾದ ಮೇಲೆ ಕೊಯ್ದು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಕುಂಬಳಗಳಿಗೇ ಅಮೆರಿಕದಲ್ಲಿ ವಿಂಟರ್ ಸ್ಕ್ವಾಷ್ ಎನ್ನುತ್ತಾರೆ. ಬೂದುಗುಂಬಳ ಈ ಲೆಕ್ಕಕ್ಕೆ ಬರುವುದಿಲ್ಲ, ಅದರ ಕುಲವೇ ಬೇರೆ. ಉಳಿದವುಗಳಲ್ಲಿ ಅಡುಗೆಮನೆಗೆ ಮುಖ್ಯವಾದವು ಮೂರು ಪ್ರಭೇದಗಳು: ಮೊಸ್ಕಾಟ, ಮ್ಯಾಕ್ಸಿಮಾ, ಪೆಪೊ. ಸಂತೆಯಲ್ಲಿ ಹೋಳು ಮಾಡಿ ತೂಗುವ ದೊಡ್ಡ ಸಿಹಿಗುಂಬಳ, ಅಂದರೆ ಮಲೆನಾಡು ಕರಾವಳಿಗಳ ಚೀನಿಕಾಯಿ, ಬಹುಪಾಲು ಮೊಸ್ಕಾಟ. ಅಮೆರಿಕದ ಹಬ್ಬರ್ಡ್, ಜಪಾನಿನಲ್ಲಿ ಇಂದು ಹೆಚ್ಚು ಮಾರಾಟವಾಗುವ ಹಿಟ್ಟುಹಿಟ್ಟಾದ ಕಬೋಚಾ ಮ್ಯಾಕ್ಸಿಮಾ. ಏಕಾರ್ನ್, ಸ್ಪಗೆಟಿ ಸ್ಕ್ವಾಷ್‌ಗಳು ಪೆಪೊ. ಅನುಮಾನವಿದ್ದರೆ ತೊಟ್ಟು ನೋಡಬೇಕು. ಮೊಸ್ಕಾಟದ ತೊಟ್ಟು ಗಟ್ಟಿ, ಏಣೇಣು, ಕಾಯಿಗೆ ಕೂಡುವಲ್ಲಿ ಅಗಲವಾಗಿ ಹರಡಿರುತ್ತದೆ. ಮ್ಯಾಕ್ಸಿಮಾದ್ದು ದುಂಡಗೆ, ಉಗುರು ಇಳಿಯುವಷ್ಟು ಬೆಂಡು. ಬಟರ್‌ನಟ್ ಕೂಡ ಮೊಸ್ಕಾಟವೇ, ನಮ್ಮ ಚೀನಿಕಾಯಿಯ ದಾಯಾದಿ. ಎರಡೂ ಒಂದೇ ಪ್ರಭೇದದವಾದ್ದರಿಂದ ಒಂದರ ಬದಲು ಇನ್ನೊಂದು ನಡೆಯುತ್ತದೆ ಎಂಬ ಭ್ರಮೆ ಹುಟ್ಟುವುದು ಇಲ್ಲಿಯೇ.

ಬಟರ್‌ನಟ್ ಹುಟ್ಟಿದ್ದು 1940ರ ದಶಕದಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಟೋ ಎಂಬ ಊರಿನಲ್ಲಿ. ಅದನ್ನು ರೂಪಿಸಿದ ಹೆಗ್ಗಳಿಕೆ ಚಾರ್ಲ್ಸ್ ಲೆಗೆಟ್ ಅವರಿಗೆ ಸಲ್ಲುತ್ತದೆ. ಅದರ ಸುಧಾರಿತ ತಳಿ ವಾಲ್ಥಮ್ ಬಟರ್‌ನಟ್‌ಗೆ 1970ರಲ್ಲಿ ಆಲ್ ಅಮೆರಿಕ ಸೆಲೆಕ್ಷನ್ಸ್ ಮನ್ನಣೆ ಸಿಕ್ಕಿತು. ಕತ್ತಿಗೂ ಬಗ್ಗದ ಹಬ್ಬರ್ಡ್ ಕಾಯಿಗಳ ಜತೆ ಗುದ್ದಾಡಿದ ಅಡುಗೆಮನೆಗಳಿಗೆ ಅದು ವರವಾಗಿಯೇ ಬಂದಿರಬೇಕು. ಸಿಪ್ಪೆ ತೆಳು, ಹೆರೆಯುವ ಪೀಲರ್ ಸಾಕು. ಕುತ್ತಿಗೆಯ ಭಾಗದಲ್ಲಿ ಬೀಜವಿಲ್ಲ, ಪೂರ್ತಿ ತಿರುಳು. ಹೆಚ್ಚಿದರೆ ಒಂದೇ ಅಳತೆಯ ಚೌಕಗಳು ಬೀಳುತ್ತವೆ. ಇಬ್ಬರಿರುವ ಮನೆಗೆ ಒಂದು ಕಾಯಿ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಇವೆಲ್ಲ ಸುಳ್ಳಲ್ಲ. ಆದರೆ ಇವೆಲ್ಲ ಕತ್ತರಿಸುವವರಿಗೆ, ಸಾಗಿಸುವವರಿಗೆ ಒದಗುವ ಅನುಕೂಲಗಳು. ಉಣ್ಣುವವರಿಗೆ ಅದು ಕೊಡುವುದೇನು? ಓವನ್ನಿನಲ್ಲಿ ಎಣ್ಣೆ ಸವರಿ ಸುಟ್ಟಾಗ ಮೇಲ್ಮೈಯ ನೀರು ಆರಿ, ಸಕ್ಕರೆ ಕೆಂಪಾಗಿ, ಹುರಿದ ಬೀಜಗಳ ಪರಿಮಳವೊಂದು ಏಳುತ್ತದೆ. ಅದು ನಿಜಕ್ಕೂ ಚೆನ್ನಾಗಿರುತ್ತದೆ. ಅದು ಹೊರಡಲು ಒಣ ಶಾಖ ಬೇಕು. ಹುಳಿಯಲ್ಲಿ ಒಣ ಶಾಖವಿಲ್ಲ.

ಹುಳಿಯಲ್ಲಿ ಕುಂಬಳದ ಹೋಳಿಗೆ ಏನು ಕೆಲಸ ಎಂಬುದನ್ನು ಸಾವಧಾನವಾಗಿ ನೋಡಬೇಕು. ಚೀನಿಕಾಯಿಯ ಹೋಳು ಸಿಪ್ಪೆ ಸಮೇತ ಎರಡು ಬೆರಳಗಲ ಇರುತ್ತದೆ. ಉಪ್ಪು, ಅರಿಸಿನ ಹಾಕಿದ ನೀರಿನಲ್ಲಿ ಅದು ಅರೆಬೇಯುತ್ತದೆ. ಆಗ ಹುಣಿಸೆರಸ, ಬೆಲ್ಲ. ಆಮೇಲೆ ಬೆಂದ ತೊಗರಿಬೇಳೆ, ಕಾಯಿ ರುಬ್ಬಿದ ಮಸಾಲೆ, ಒಂದು ಕುದಿ, ಒಗ್ಗರಣೆ. ಕ್ರಮ ಎಲ್ಲರಿಗೂ ಗೊತ್ತಿರುವುದೇ. ಈ ಕ್ರಮದ ಜೀವ ಇರುವುದು 'ಅರೆಬೆಂದಾಗ' ಎನ್ನುವ ಆ ಒಂದು ಹೊತ್ತಿನಲ್ಲಿ. ಹುಣಿಸೆ ಬಿದ್ದ ಮೇಲೆ ತರಕಾರಿ ಬೇಯುವುದು ನಿಧಾನ ಎಂದು ಅಡುಗೆ ಮಾಡುವ ಪ್ರತಿಯೊಬ್ಬರೂ ಬಲ್ಲರು. ಹುಳಿಯ ಆಮ್ಲ ತರಕಾರಿಯ ಕೋಶಗಳ ಗೋಡೆ ಕರಗುವುದನ್ನು ತಡೆಯುತ್ತದೆ. ಹಾಗಾಗಿ ಹುಣಿಸೆರಸ ಬರೀ ರುಚಿಗೆ ಬೀಳುವುದಲ್ಲ, ಬೇಯುವುದಕ್ಕೆ ಹಾಕುವ ಕಡಿವಾಣವೂ ಹೌದು. ಮೊದಲೇ ಹಾಕಿದರೆ ಹೋಳು ಒಳಗೆ ಕಲ್ಲಾಗಿ ಉಳಿಯುತ್ತದೆ. ತಡವಾದರೆ ಹಿಡಿದು ನಿಲ್ಲಿಸಲು ಹೋಳೇ ಉಳಿದಿರುವುದಿಲ್ಲ. ಸಮಾರಂಭದ ಅಡುಗೆಯವರು ಈ ಹೊತ್ತನ್ನು ಗಡಿಯಾರ ನೋಡಿ ಹಿಡಿಯುವುದಿಲ್ಲ. ಸೌಟಿನ ಅಂಚಿನಿಂದ ಹೋಳನ್ನು ಕೊಪ್ಪರಿಗೆಯ ಗೋಡೆಗೆ ಒತ್ತಿ ನೋಡುತ್ತಾರೆ. ಬೀಜದ ಕಡೆಯ ತಿರುಳು ಬಾಗಬೇಕು, ಸಿಪ್ಪೆಯ ಕಡೆ ತಡೆ ಸಿಗಬೇಕು. ಆಗ ಹುಣಿಸೆ ಸುರಿಯುತ್ತಾರೆ.

ಇಷ್ಟು ಎಚ್ಚರ ಯಾಕೆಂದರೆ, ಊಟದ ಮನೆಯಲ್ಲಿ ಹುಳಿ ಒಲೆಯಿಂದ ಇಳಿದ ಮೇಲೂ ಬೇಯುತ್ತಲೇ ಇರುತ್ತದೆ. ಅಷ್ಟು ದೊಡ್ಡ ಪಾತ್ರೆಯ ಬಿಸಿ ಬೇಗ ಆರುವುದಿಲ್ಲ. ಮೊದಲ ಪಂಕ್ತಿಗೆ ಬಡಿಸಿದ ಹೋಳೇ ಮೂರನೆಯ ಪಂಕ್ತಿಗೂ ಹೋಳಾಗಿಯೇ ಎಲೆಗೆ ಬೀಳಬೇಕು. ಸಿಪ್ಪೆ ಉಳಿಸಿಕೊಳ್ಳುವುದು ಇದಕ್ಕಾಗಿ, ಹುಣಿಸೆಯ ಹೊತ್ತು ಕಾಯುವುದು ಇದಕ್ಕಾಗಿ. ಸಿಪ್ಪೆ ತೆಗೆಯದೆ ಹಾಕುವುದನ್ನು ಅಡುಗೆಯವರ ಸೋಮಾರಿತನ ಎಂದು ಬಗೆದವರು ಆ ಹುಳಿಯನ್ನು ಕೊನೆಯ ಪಂಕ್ತಿಯಲ್ಲಿ ಕೂತು ಉಂಡವರಲ್ಲ.

ಈಗ ಒಂದು ಹೋಳನ್ನು ಬಾಯಿಗಿಡೋಣ. ಸಿಪ್ಪೆಯ ಬಳಿ ಹಲ್ಲಿಗೆ ಸಣ್ಣ ಪ್ರತಿರೋಧ. ನಡುವೆ ಮೆತ್ತಗೆ, ಆದರೆ ನಾರು ಹಿಡಿದುಕೊಂಡಿರುತ್ತದೆ. ಬೀಜದ ಕಡೆಯ ಅಂಚು ಆಗಲೇ ಅರ್ಧ ಬಿಟ್ಟುಕೊಂಡು ಹುಳಿಗೆ ಸೇರಿಹೋಗಿರುತ್ತದೆ. ಹುಳಿ ಬೇಳೆಯೊಂದರಿಂದಲೇ ದಪ್ಪವಾಗುವುದಲ್ಲ, ಈ ಅಂಚು ಕರಗಿ ಬಂದ ಸಿಹಿಯಿಂದಲೂ ಆಗುತ್ತದೆ. ಬೆಲ್ಲದ ಸಿಹಿ ನಾಲಗೆಯ ಮೇಲೆ ಮೊದಲೇ ಬಂದು ಹೋಗುತ್ತದೆ, ಕುಂಬಳದ ಸಿಹಿ ಹುಣಿಸೆ ಮೆಣಸಿನಕಾಯಿಗಳ ಹಿಂದೆ ನಿಧಾನವಾಗಿ ಬರುತ್ತದೆ. ಒಂದೇ ಹೋಳಿನಲ್ಲಿ ನಿಲ್ಲುವ ಭಾಗವೂ ಇದೆ, ಕೊಡುವ ಭಾಗವೂ ಇದೆ. ಚೀನಿಕಾಯಿಯ ತಿರುಳಿನಲ್ಲಿ ನೀರು ಹೆಚ್ಚು ಎಂದು ದೂರುವವರಿದ್ದಾರೆ. ಹುಳಿಯಲ್ಲಿ ಆ ಸಡಿಲತೆಯೇ ಗುಣ. ಉಪ್ಪು ಹುಳಿ ಖಾರಗಳು ಅದರ ಒಳಗೆ ಹೋಗುತ್ತವೆ.

ಬಟರ್‌ನಟ್‌ನ ಕುತ್ತಿಗೆಯಲ್ಲಿ ಬೀಜದ ಕಡೆ ಎಂಬುದೇ ಇಲ್ಲ. ಅಂಗಡಿಯಲ್ಲಿ ಅದರ ಬೆಲೆ ಏರಿಸುವ ಗುಣವೇ ಕೊಪ್ಪರಿಗೆಯಲ್ಲಿ ಕೊರತೆ. ಆರೂ ಮುಖಗಳಲ್ಲಿ ಒಂದೇ ಸಮ ದಟ್ಟವಾದ ಚೌಕ ಬೇಯುವುದೂ ಒಂದೇ ಸಮ. ಮೊದಲು ಪೂರ್ತಿ ಗಟ್ಟಿ, ಆಮೇಲೆ ಪೂರ್ತಿ ಮೆತ್ತಗೆ. ಸೌಟು ಒತ್ತಿ ನೋಡಲು ಅಲ್ಲಿ ನಡುವಿನ ಹಂತ ಸಿಗುವುದೇ ಕಷ್ಟ. ಸಿಪ್ಪೆ ಹೆರೆದು ಹಾಕಿದ್ದರಿಂದ ಆಸರೆಯಿಲ್ಲ, ಹೆರೆಯದೆ ಹಾಕಿದರೂ ಆ ತೆಳು ಸಿಪ್ಪೆ ಹೋಳನ್ನು ಹಿಡಿದಿಡುವುದಿಲ್ಲ. ಹುಣಿಸೆ ಬೇಗ ಹಾಕಿ ನಿಲ್ಲಿಸಿದರೆ ಹುಳಿ ಬೇರೆ, ಹೋಳು ಬೇರೆ ಆಗಿ ಉಳಿಯುತ್ತದೆ. ಕಚ್ಚಿದರೆ ಒಳಗೆ ಬರೀ ಸಿಹಿ, ಸುತ್ತ ಬರೀ ಹುಳಿ. ಮರುದಿನ ಕುದಿಸಿದಾಗಂತೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಚೀನಿಕಾಯಿಯ ಹುಳಿ ಮೊದಲ ದಿನಕ್ಕಿಂತ ರುಚಿಯಾಗಿರುತ್ತದೆ, ಬಟರ್‌ನಟ್‌ನದು ಕಿತ್ತಳೆ ಬಣ್ಣದ ಗಂಜಿಯಾಗಿರುತ್ತದೆ. ಬೇಳೆಯ ಜತೆಗೇ ಕುಕ್ಕರಿಗೆ ಹಾಕಿ ಸೀಟಿ ಹೊಡೆಸುವ ಮನೆಗಳಲ್ಲಿ ಈ ಭೇದ ಗೊತ್ತಾಗದಿರಬಹುದು. ಅಲ್ಲಿ ಯಾವ ಕುಂಬಳವೂ ಹೋಳಾಗಿ ಬದುಕುವುದಿಲ್ಲ. ಬಟರ್‌ನಟ್ ಹುಳಿಗೆ ಒಗ್ಗುತ್ತದೆ ಎಂಬ ಅಭಿಪ್ರಾಯ ಹುಟ್ಟಿದ್ದು ಕುಕ್ಕರಿನಲ್ಲೇ ಎಂದು ನನ್ನ ಬಲವಾದ ನಂಬಿಕೆ.

ನ್ಯಾಯವಾಗಿ ಹೇಳಬೇಕೆಂದರೆ, ಸಾಸಿವೆಗೆ ಬಟರ್‌ನಟ್ ಮೋಸವಿಲ್ಲ. ಬೇಯಿಸಿ ಆರಿಸಿದ ತಿರುಳಿಗೆ ಕಾಯಿ, ಹಸಿ ಸಾಸಿವೆ ರುಬ್ಬಿ ಮೊಸರು ಬೆರೆಸುವಾಗ ಅದರ ನುಣುಪು ಒಳ್ಳೆಯದೇ ಮಾಡುತ್ತದೆ.

ಬಟರ್‌ನಟ್ ವಿರೋಧಿಗಳೆಲ್ಲ ನನ್ನ ಪಕ್ಷದವರೆಂದು ಯಾರೂ ತಿಳಿಯಬಾರದು. ಅವರಲ್ಲಿ ಹೆಚ್ಚಿನವರ ವಾದ ನನಗೆ ಬಟರ್‌ನಟ್ ಹುಳಿಗಿಂತ ಅಸಹನೀಯ. ಅದು ವಿದೇಶಿ, ಇದು ದೇಸಿ ಎನ್ನುತ್ತಾರೆ. ಕುಂಬಳದ ಈ ಇಡೀ ಕುಲ ಅಮೆರಿಕ ಖಂಡಗಳದ್ದು. ಮೆಕ್ಸಿಕೋದ ಒಹಾಕಾ ಪ್ರಾಂತದ ಗೀಲಾ ನಕೀಟ್ಸ್ ಗುಹೆಯಲ್ಲಿ ಸಿಕ್ಕ ಪೆಪೊ ಬೀಜಗಳು ಸುಮಾರು 10,000 ವರ್ಷ ಹಳೆಯವು. ಮ್ಯಾಕ್ಸಿಮಾ ದಕ್ಷಿಣ ಅಮೆರಿಕದ್ದು. ಕೊಲಂಬಸ್ ಆಚೆ ಹೋಗಿ ಬಂದ ಮೇಲಷ್ಟೇ ಇವು ನಮ್ಮ ಕಡೆಗೆ ಬಂದವು. 16ನೇ ಶತಮಾನದ ಆರಂಭದಲ್ಲಿ ಸೂಪಶಾಸ್ತ್ರ ಬರೆದ ಮಂಗರಸನ ಅಡುಗೆಮನೆಯಲ್ಲಿ ಚೀನಿಕಾಯಿ ಇದ್ದಿರಲಾರದು. ಕಾಯಿಯ ಹುಟ್ಟೂರನ್ನು ಹಿಡಿದು ಜಗಳವಾಡಿದರೆ ಮೆಣಸಿನಕಾಯಿಯನ್ನೂ ಎಲೆಯಿಂದ ತೆಗೆಯಬೇಕಾಗುತ್ತದೆ. ನಮ್ಮದು ಎಂದು ಹೇಳಿಕೊಳ್ಳಬಹುದಾದದ್ದು ಕಾಯಿಯಲ್ಲ, ಅದನ್ನು ನೂರಾರು ವರ್ಷ ಬೇಯಿಸಿ ಕಂಡುಕೊಂಡ ಕ್ರಮ. ಸಿಪ್ಪೆ ಉಳಿಸುವುದು, ಹುಣಿಸೆಯ ಹೊತ್ತು, ಯಾವ ಭಾಗ ಕರಗಬೇಕು ಯಾವುದು ಉಳಿಯಬೇಕು ಎಂಬ ವಿವೇಕ. ದೇಸಿವಾದಿಗಳು ಈ ಕ್ರಮದ ಬಗ್ಗೆ ಒಂದು ವಾಕ್ಯವನ್ನೂ ಬರೆಯುವುದಿಲ್ಲ. ಅವರ ಪಾಕವಿಧಾನಗಳಲ್ಲೂ 'ಕುಂಬಳಕಾಯಿ 1 ಬಟ್ಟಲು' ಎಂದಷ್ಟೇ ಇರುತ್ತದೆ. ಹಾಗಿದ್ದ ಮೇಲೆ ಆ ಬಟ್ಟಲಿಗೆ ಬಟರ್‌ನಟ್ ಬಂದು ಕೂತಿತು ಎಂದು ದೂರಲು ಅವರಿಗೆ ಬಾಯಿ ಎಲ್ಲಿದೆ? ಜಾಗ ಖಾಲಿ ಬಿಟ್ಟವರು ಅವರೇ.

ಪೌಷ್ಟಿಕತೆಯ ಬರಹಗಾರರು ಇನ್ನೊಂದು ತರಹ. ಅವರಿಗೆ ಕುಂಬಳವೆಂದರೆ ಬೀಟಾ ಕ್ಯಾರೋಟಿನ್, ನಾರಿನಂಶ, ಕಡಿಮೆ ಕ್ಯಾಲೊರಿ. ಇವು ಕೇಸರಿ ತಿರುಳಿನ ಎಲ್ಲ ಕುಂಬಳಗಳಲ್ಲೂ ಇವೆ. ಆದ್ದರಿಂದ ಯಾವುದನ್ನು ಯಾವುದಕ್ಕೆ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರುವುದಿಲ್ಲ. ಉತ್ತರ ಬೇಕೆಂದು ಅನ್ನಿಸುವುದೂ ಇಲ್ಲ. ಅಡುಗೆಯ ಅಂಕಣವನ್ನು ಔಷಧದ ಅಂಕಣದ ಹಾಗೆ ಬರೆಯತೊಡಗಿದ ಮೇಲೆಯೇ ನಮ್ಮಲ್ಲಿ ತರಕಾರಿಯ ವಿಮರ್ಶೆ ಸತ್ತದ್ದು.

ಈ ಬಗೆಯ ವಿವೇಕವನ್ನು ಬರೆದಿಡಲು ಸಾಧ್ಯವೇ ಇಲ್ಲ, ಅದು ಕೈಗುಣ ಎನ್ನುವವರಿಗೆ ಜಪಾನನ್ನು ತೋರಿಸಬೇಕು. ಅಲ್ಲಿ ಕಬೋಚಾವನ್ನು ಸೋಯಾ, ಸಕ್ಕರೆಗಳ ರಸದಲ್ಲಿ ಬೇಯಿಸುವ ಪದಾರ್ಥವೊಂದು ಮನೆಮನೆಯದು. ಸಿಪ್ಪೆ ತೆಗೆಯುವುದಿಲ್ಲ. ಹೋಳಿನ ಚೂಪು ಅಂಚುಗಳನ್ನು ಚಾಕುವಿನಿಂದ ತೆಳುವಾಗಿ ಸವರಿ ದುಂಡಗೆ ಮಾಡುತ್ತಾರೆ, ಕುದಿಯುವಾಗ ಒಂದಕ್ಕೊಂದು ತಾಗಿ ಒಡೆಯದಿರಲಿ ಎಂದು. ಈ ಕೆಲಸಕ್ಕೆ ಮೆಂತೋರಿ ಎಂಬ ಹೆಸರೇ ಇದೆ. ಹೋಳುಗಳನ್ನು ಸಿಪ್ಪೆ ಕೆಳಗಾಗಿ ಒಂದೇ ಪದರದಲ್ಲಿ ಜೋಡಿಸುತ್ತಾರೆ. ಕೊಯ್ದ ಕಾಯಿಯನ್ನು ಕೆಲವು ವಾರ ಇಟ್ಟು, ಪಿಷ್ಟ ಸಕ್ಕರೆಗೆ ತಿರುಗಿದ ಮೇಲೆ ಅಡುಗೆಗೆ ತೆಗೆಯುತ್ತಾರೆ. ಮ್ಯಾಕ್ಸಿಮಾದಂಥ ಬೇಗ ಒಡೆಯುವ ಕಾಯಿಗೆ ತಕ್ಕ ಉಪಾಯಗಳಿವು. ಇವನ್ನು ಅಲ್ಲಿಯ ಅಡುಗೆ ಪುಸ್ತಕಗಳು ಸಂಕೋಚವಿಲ್ಲದೆ ಹೇಳುತ್ತವೆ. ನಮ್ಮ ಅಟ್ಟದ ಮೇಲೂ ಚೀನಿಕಾಯಿ ತೊಟ್ಟು ಮುರಿಯದೆ ತಿಂಗಳುಗಟ್ಟಲೆ ಕೂತಿರುತ್ತಿತ್ತು. ಹೊಸ ಕಾಯಿ ಪಲ್ಯಕ್ಕೆ, ಹಳೆಯದು ಹುಳಿಗೂ ಸಿಹಿಗೂ ಎಂದು ಮನೆಯ ಹಿರಿಯರು ಆರಿಸುತ್ತಿದ್ದರು. ಅದನ್ನು ನಮ್ಮ ಪುಸ್ತಕಗಳು ಹೇಳಲಿಲ್ಲ.

ಹೇಳದಿದ್ದರೆ ಆಗುವ ನಷ್ಟ ಹುಳಿಯೊಂದರದ್ದಲ್ಲ. ಉತ್ತರ ಕರ್ನಾಟಕದ ಗಾರಿಗೆಗೆ ತುರಿದ ಕುಂಬಳವನ್ನು ಬೆಲ್ಲದಲ್ಲಿ ಬೇಯಿಸಿ, ಅದು ಬಿಟ್ಟ ನೀರಿನಲ್ಲೇ ಹಿಟ್ಟು ಕಲಸುತ್ತಾರೆ. ನೀರು ಹೆಚ್ಚಿರುವ ಕಾಯಿ ಹೆಚ್ಚು ಹಿಟ್ಟು ಬೇಡುತ್ತದೆ, ಹಿಟ್ಟುಹಿಟ್ಟಾದ ಕಾಯಿ ಕಡಿಮೆ. ಕಾಯಿ ಯಾವುದೆಂದು ಹೇಳದೆ ಹಿಟ್ಟಿನ ಅಳತೆಯನ್ನು ಮಾತ್ರ ಗ್ರಾಮಿನಲ್ಲಿ ಕೊಡುವ ಪಾಕವಿಧಾನ ಓದುಗರ ಎಣ್ಣೆ ಬೆಲ್ಲ ಎರಡನ್ನೂ ಹಾಳು ಮಾಡುತ್ತದೆ.

ಚಿಕ್ಕ ಸಂಸಾರಕ್ಕೆ ಚಿಕ್ಕ ಕಾಯಿ ಬೇಕು ಎಂಬುದು ಬಟರ್‌ನಟ್ ಪರವಾದ ವಾದಗಳಲ್ಲಿ ಗಟ್ಟಿಯಾದದ್ದು. ಅದಕ್ಕೂ ಉತ್ತರ ಬೆಂಗಳೂರಿನ ಅಂಚಿನಲ್ಲೇ ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ಚಂದನ್ ಎಂಬ ಮೊಸ್ಕಾಟ ತಳಿಯನ್ನೂ ಅರ್ಕಾ ಸೂರ್ಯಮುಖಿ ಎಂಬ ಮ್ಯಾಕ್ಸಿಮಾ ತಳಿಯನ್ನೂ ಕೊಟ್ಟಿದೆ. ಮೊದಲನೆಯದು 2ರಿಂದ 3 ಕಿಲೋ, ಎರಡನೆಯದು 1 ಕಿಲೋ ಆಸುಪಾಸು. ರೈತರು ಈ ಹೆಸರುಗಳನ್ನು ಬಲ್ಲರು. ಒಂದೇ ಒಂದು ಕನ್ನಡ ಪಾಕವಿಧಾನದಲ್ಲೂ ಇವುಗಳ ಹೆಸರನ್ನು ನಾನು ಕಂಡಿಲ್ಲ. ಬಟರ್‌ನಟ್ ಹುಳಿಯನ್ನು ಹೊಗಳಿ ಬರೆಯುವವರು ಒಮ್ಮೆ ಅರ್ಕಾ ಚಂದನ್‌ನ ಹೋಳುಗಳನ್ನು ಸಿಪ್ಪೆ ಸಮೇತ ಒಂದು ಪಾತ್ರೆಯಲ್ಲಿ, ಬಟರ್‌ನಟ್‌ನ ಹೋಳುಗಳನ್ನು ಇನ್ನೊಂದರಲ್ಲಿ ಇಟ್ಟು, ಕುಕ್ಕರ್ ಮುಟ್ಟದೆ, ಸೌಟು ಒತ್ತಿ ನೋಡಿ ಹುಣಿಸೆ ಹಾಕಿ ಹುಳಿ ಮಾಡಲಿ. ಅರ್ಧ ಅವತ್ತು ಉಣ್ಣಲಿ, ಅರ್ಧ ಮರುದಿನ ಕುದಿಸಿ ಉಣ್ಣಲಿ. ಆಮೇಲೆ ಯಾವ ಹೆಸರನ್ನು ಮೊದಲು ಅಚ್ಚು ಹಾಕಬೇಕು, ಯಾವುದನ್ನು ಸಿಗದಿದ್ದರೆ ಎಂಬ ಸಾಲಿಗೆ ತಳ್ಳಬೇಕು ಎಂದು ಬರೆಯಲಿ.